ನಡುವಿನ ರೊಟ್ಟಿಗಳು

ಬೂಷ್ಟು ಹಿಡಿದ ರೊಟ್ಟಿಯನ್ನು ಒಣ ಅರಿವೆಯಿಂದ ಒರೆಸಿದರೆ ಹಸಿರು ಹೋಗುತ್ತದೆ, ವಾಸನೆ ಹೋಗುವುದಿಲ್ಲ. ಹಂಚಿನ ಮೇಲೆ ಮತ್ತೊಮ್ಮೆ ಕಾಯಿಸಿದರೆ ವಾಸನೆಯೂ ಅರ್ಧ ಅಡಗುತ್ತದೆ. ಇದು ನನಗೆ ಗೊತ್ತಿದೆ ಎಂದು ಹೇಳುವುದಕ್ಕೇ ನನಗೆ ಹೇಸಿಗೆ.

ಕುಂದಗೋಳ ತಾಲ್ಲೂಕಿನ ಹಳ್ಳಿ ನಮ್ಮದು. ನಾನು ಐದನೇ ಇಯತ್ತೆಗೆ ಸಾಲೆ ಬಿಟ್ಟು ರೊಟ್ಟಿ ಬಡಿಯಲು ಕೂತವಳು. ನನ್ನ ತಮ್ಮ ನಮ್ಮ ಮನೆಯಲ್ಲಿ ಡಿಗ್ರಿಗೆ ಹೋದ ಮೊದಲನೆಯವನು. ಹಾಸ್ಟೆಲಿನಲ್ಲಿದ್ದು ವಿಜ್ಞಾನ ಓದುತ್ತಿದ್ದ. ಫೀ ಕಟ್ಟಲಾರದ ಮಕ್ಕಳಿಗೆ ಆ ಕಾಲೇಜಿನಲ್ಲೇ ಏನಾದರೂ ಕೆಲಸ ಕೊಡುತ್ತಿದ್ದರು. ಕೆಲವರಿಗೆ ಗ್ರಂಥಾಲಯ, ಕೆಲವರಿಗೆ ಗಿಡಗಳಿಗೆ ನೀರು ಹಾಕುವುದು. ತಮ್ಮನಿಗೆ ಸಿಕ್ಕಿದ್ದು ಹಾಸ್ಟೆಲ್ ಮೆಸ್ಸಿನ ಉಗ್ರಾಣದ ಬಾಗಿಲು. ಬೆಳಿಗ್ಗೆ ಕ್ಲಾಸಿಗೆ ಮೊದಲು ಅಲ್ಲಿ ನಿಂತು, ಬಂದ ಕಾಯಿಪಲ್ಲೆ, ಕಾಳು, ರೊಟ್ಟಿ ಎಲ್ಲ ನೋಡಿ ಒಳಗೆ ತೆಗೆದುಕೊಳ್ಳಬೇಕು. ಸಾಮಾನು ಬಂದಾದ ಮೇಲೆ ಅಲ್ಲೇ ಮೇಜಿಗೆ ಪುಸ್ತಕ ಇಟ್ಟುಕೊಂಡು ಓದಬಹುದು. ಅದಕ್ಕಿಂತ ಒಳ್ಳೆಯ ಕೆಲಸ ಅಲ್ಲಿ ಇರಲಿಲ್ಲ. ಆ ಮೆಸ್ಸಿಗೆ ನನ್ನ ಖಡಕ್ ರೊಟ್ಟಿಯ ಆರ್ಡರ್ ಹಚ್ಚಿಕೊಟ್ಟವನೂ ಅವನೇ.

ವಾರಕ್ಕೆ ಎರಡು ಸಲ ಬೆಳಗಿನ ಬಸ್ಸಿಗೆ ರೊಟ್ಟಿಯ ಗಂಟು ಹೇರಿಕೊಂಡು ಹೋಗುತ್ತಿದ್ದೆ. ತಮ್ಮ ಬೇರೆಯವರ ಸಾಮಾನನ್ನು ತಳದವರೆಗೆ ಕೆದಕಿ ನೋಡುತ್ತಿದ್ದ. ನನ್ನ ಗಂಟಿನಿಂದ ಮಾತ್ರ ಮೇಲಿನ ಒಂದೇ ರೊಟ್ಟಿ ತೆಗೆದು ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದ.

“ಯಕ್ಕಾ, ನಿನ್ನ ರೊಟ್ಟಿ ಬಡಿಸಿದ ದಿನ ಊಟದ ಹಾಲ್‌ನ್ಯಾಗ ಪಟಾಕಿ ಹೊಡದಂಗ ಸಪ್ಪಳ ಆಕ್ಕತಿ. ಹಲ್ಲಿನ ಡಾಕ್ಟರ್ ನಿನಗೇನರ ಕಮಿಷನ್ ಕೊಡ್ತಾನೇನ ಬೇ?”

“ನೀ ಮೊದಲ ಹಲ್ಲ ತಿಕ್ಕು. ಆಮ್ಯಾಲ ಡಾಕ್ಟರ್ ಸುದ್ದಿ ಹೇಳೀಯಂತ.”

ಹೋದ ವರ್ಷ ಮಳೆಗಾಲದಲ್ಲಿ ಜಿಟಿಜಿಟಿ ಹಿಡಿದು ಬಿಡಲೇ ಇಲ್ಲ. ಖಡಕ್ ರೊಟ್ಟಿಯನ್ನು ಬೇಯಿಸಿದ ಮೇಲೆ ಒಲೆಯ ಬಾಜು ಆನಿಸಿಟ್ಟು, ಪಸೆ ಪೂರ್ತಿ ಆರಿದ ಮೇಲೇ ಒಂದರ ಮೇಲೊಂದು ಇಡಬೇಕು. ಒಪ್ಪಿಕೊಂಡ ದಿನ ಹತ್ತಿರ ಬಂದಿತ್ತು. ನಾನು ಬಿಸಿ ಆರುವ ಮೊದಲೇ ಜೋಡಿಸಿ ಕಟ್ಟಿಟ್ಟೆ. ಎರಡು ದಿನ ಬಿಟ್ಟು ಬಿಚ್ಚಿದರೆ ಹಸಿರು, ಕಪ್ಪು ಚುಕ್ಕೆ, ಹಸಿ ಗೋಣಿಚೀಲದಂಥ ನಾತ. ಎಮ್ಮೆಯ ಮುಂದೆ ಒಂದು ಒಗೆದೆ. ಅದು ಮೂಸಿ ಮುಖ ತಿರುಗಿಸಿತು.

ಎಮ್ಮೆ ಬಿಟ್ಟಿದ್ದನ್ನು ನಾನು ಮಕ್ಕಳ ತಟ್ಟೆಗೆ ಕಳಿಸಿದೆ. ಒಂದೊಂದಾಗಿ ಒರೆಸಿ, ಕಾಯಿಸಿ, ಮೇಲೆ ಕೆಳಗೆ ಒಳ್ಳೆಯವು ಬರುವಂತೆ ನಡುವೆ ಸೇರಿಸಿದೆ. ಮೈಮರೆತು ಆದದ್ದಲ್ಲ. ಇಲ್ಲಿ ತಡವಾದರೆ ಬಾಜು ಊರಿನವಳಿಗೆ ಆರ್ಡರ್ ಹೋಗುತ್ತದೆ ಎಂಬ ಹೆದರಿಕೆ, ಅಲ್ಲಿ ಬಾಗಿಲಲ್ಲಿ ನಿಂತವನು ನನ್ನ ಗಂಟಿನ ನಡುವೆ ಕೈ ಹಾಕುವುದಿಲ್ಲ ಎಂಬ ಧೈರ್ಯ. ಎರಡನ್ನೂ ಲೆಕ್ಕ ಹಾಕಿಯೇ ಗಂಟು ಕಟ್ಟಿದ್ದೆ. ಹಣೆಗೆ ವಿಭೂತಿ ಹಚ್ಚಿಕೊಂಡೇ ಬಸ್ಸು ಹತ್ತಿದ್ದೆ.

ಮುಂದಿನ ಸಲ ಹೋದಾಗ ಉಗ್ರಾಣದ ಬಾಗಿಲಲ್ಲಿ ಮೆಸ್ಸಿನ ಸರ್ ನಿಂತಿದ್ದರು. ತಮ್ಮ ಅವರ ಹಿಂದೆ. ಹಿಂದಿನ ದಿನ ಒಬ್ಬ ಹುಡುಗಿ ಅರ್ಧ ರೊಟ್ಟಿ ತಿಂದ ಮೇಲೆ ಹಸಿರು ಕಂಡು ಅಲ್ಲೇ ವಾಂತಿ ಮಾಡಿಕೊಂಡಿದ್ದಳಂತೆ. ಹುಡುಗರು ತಟ್ಟೆ ಎಸೆದು ಎದ್ದಿದ್ದರಂತೆ.

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಅಂದ: “ಅಕ್ಕನ ತಪ್ಪಲ್ಲರೀ ಸರ್. ನಾನ ಗಂಟು ಹಸಿ ನೆಲದ ಮ್ಯಾಲ ಇಟ್ಟಿದ್ದೆ.”

ಸರ್ ನನ್ನ ಕಡೆ ತಿರುಗಿದರು. “ಹೌದೇನ್ರಿ? ನೀವು ತಂದಾಗ ಚಲೋ ಇದ್ದವಲ್ಲ?”

“ಚಲೋ ಇದ್ದವ್ರಿ,” ಅಂದೆ.

ಅವನ ಕೆಲಸ ಹೋಗಿದ್ದು ಆ ಮಾತಿಗೆ. ಓದುವ ಹುಡುಗ ಎಂದು ಪೂರ್ತಿ ಹೊರಗೆ ಹಾಕಲಿಲ್ಲ. ಮುಸುರೆ ಎತ್ತುವ ಕೆಲಸಕ್ಕೆ ಹಚ್ಚಿದರು. ಮಧ್ಯಾಹ್ನ ಎಲ್ಲರೂ ಉಂಡೆದ್ದ ಮೇಲೆ ಎಂಜಲು ಅನ್ನ, ಸಾರು, ಅಗಿದು ಉಗುಳಿದ ನುಗ್ಗೆಕಾಯಿ ಎಲ್ಲ ಡ್ರಮ್ಮಿಗೆ ಸುರಿದು ಹಿತ್ತಲಿಗೆ ಎಳೆದೊಯ್ದು ತೊಳೆಯಬೇಕು. ಪ್ರಾಕ್ಟಿಕಲ್ ಕ್ಲಾಸು ಶುರುವಾಗುವುದೂ ಅದೇ ಹೊತ್ತಿಗೆ. ದಿನಾ ತಡ. ಓಡಿಹೋದರೂ ಮುಸುರೆಯ ನಾತಕ್ಕೆ ಅವನ ಬಾಜು ಯಾರೂ ನಿಲ್ಲುತ್ತಿರಲಿಲ್ಲವಂತೆ. ಹಾಜರಿ ಕಡಿಮೆಯಾಗಿ ಆ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಕೂಡಿಸಲಿಲ್ಲ.

ನನ್ನ ರೊಟ್ಟಿ ಮಾತ್ರ ತಪ್ಪದೆ ಹೋಗುತ್ತಿತ್ತು.

ಉಗ್ರಾಣದ ಬಾಗಿಲಿಗೆ ಈಗ ಅವನ ಬದಲು ಒಬ್ಬ ಹುಡುಗಿ ಬಂದಿದ್ದಳು, ಅವಳೂ ಓದುವವಳೇ. ಮೊನ್ನೆ ಅವಳು ನನ್ನ ಗಂಟು ಪೂರ್ತಿ ಬಿಚ್ಚಿ, ನಡುವಿನ ನಾಲ್ಕು ರೊಟ್ಟಿ ಎಳೆದು ಮೂಸಿ ನೋಡಿದಳು.

“ಎಲ್ಲಾರದೂ ಹಿಂಗ ನೋಡ್ತೀಯೇನವಾ?” ಎಂದು ಕೇಳಿದೆ.

“ಇಲ್ಲರಿ, ರೊಟ್ಟಿ ಅಷ್ಟ. ನಡುವಿನವನ್ನ ಮೂಸಿ ನೋಡು ಅಂತ ಆ ಮುಸುರಿ ಅಣ್ಣ ಹೇಳಿಕೊಟ್ಟಾರ್ರಿ.”

ನನ್ನ ತಮ್ಮನಿಗೆ ಅಲ್ಲಿ ಈಗ ಅದೇ ಹೆಸರು. ಹಿತ್ತಲಿಗೆ ಹೋದೆ. ಅವನು ಡ್ರಮ್ಮಿನೊಳಗೆ ಅರ್ಧ ಮೈ ಹೊಗಿಸಿ ತಿಕ್ಕುತ್ತಿದ್ದ. ಹುಳಿ ನಾತಕ್ಕೆ ನಾನು ಸೆರಗನ್ನು ಮೂಗಿಗೆ ಹಿಡಿದೆ.

“ನಿನಗ ಗೊತ್ತಿತ್ತು,” ಅಂದೆ.

“ಗಂಟು ಬಿಚ್ಚಿದ ಕೂಡ್ಲೆ ವಾಸನಿಗೇ ಗೊತ್ತಾತು. ಎರಡು ಸಲ ಕಾಸಿದ ರೊಟ್ಟಿ ನನಗ ತಿಳಿಯೂದಿಲ್ಲೇನ?”

“ಈಗ ಹೋಗಿ ಸರ್‌ಗೆ ಹೇಳ್ತೀನಿ.”

ಅವನು ತಲೆ ಹೊರಗೆ ತೆಗೆದ. ಸಿಟ್ಟೂ ಇರಲಿಲ್ಲ ಮುಖದಲ್ಲಿ. “ಹೇಳಿ? ನಿನ್ನ ಆರ್ಡರ್ ಹೊಕ್ಕತಿ. ಸುಳ್ಳು ಹೇಳಿದ್ನಂತ ನನ್ನೂ ಹೊರಗ ಹಾಕ್ತಾರ. ಅವತ್ತ ಹೇಳಬೇಕಿತ್ತು. ಈಗ ಹೇಳಿದ್ರ ಹಗುರ ಆಗಾಕಿ ನೀ, ನಾ ಅಲ್ಲ. ಸರಿ ಅತ್ಲಾಗ, ಸೀರಿಗೆ ಸಿಡೀತೈತಿ.”

ಅವನು ಡ್ರಮ್ಮನ್ನು ಮಗುಚಿದ. ಕಪ್ಪು ನೀರು ನನ್ನ ಕಾಲ ಕಡೆಗೇ ಹರಿದು ಬಂತು. ನಾನು ನಿರಿಗೆ ಎತ್ತಿ ಹಿಡಿದುಕೊಂಡು ಸರಿದು ನಿಂತೆ.