ಪುಸೂನ್ ಪೂಸ್

ಗ್ಯಾಸ್ ಪುಸ್ತಕ ಹುಡುಕುವಾಗ ಡ್ರಾಯರಿನಲ್ಲಿ ಆ ಪೆನ್‌ಡ್ರೈವ್ ತಾನಾಗಿ ಕೈಗೆ ಸಿಕ್ಕಿತು ಎಂದು ಬರೆದಿದ್ದೆ. ಈಗ ಆ ಸಾಲನ್ನು ಹೊಡೆದುಹಾಕಿದ್ದೇನೆ. ಚಂದವಾಗಿತ್ತು, ಆದರೆ ನಡೆದದ್ದು ಹಾಗಲ್ಲ. ಮೊನ್ನೆ ಬೆಳಿಗ್ಗೆ ಖಾನಾಪುರದಿಂದ ಇಂದುಬಾಯಿ ಫೋನ್ ಮಾಡಿ, "ಕಪಿಲಿ ಮತ್ತ ನಿಂತೈತಿ. ಪಟ್ಟಿ ಸುತ್ತಿದ ಪೆನ್‌ಡ್ರೈವ್ ನಿನ್ನ ಕಡೆ ಐತಿ ನೋಡು, ಹುಡುಕಿ ತಗೊಂಡು ಬಾ," ಎಂದರು. ನಾನು ಹುಡುಕಿದೆ. ಸಿಕ್ಕಿತು.

ಕಪಿಲಿ ಎಂದರೆ ಅವರ ಕಂಪ್ಯೂಟರ್. ಪಟ್ಟಿ ಎಂದರೆ ಗಾಯಕ್ಕೆ ಅಂಟಿಸುವ ಬಿಳಿ ಪಟ್ಟಿ. ಅದನ್ನು ಪೆನ್‌ಡ್ರೈವಿಗೆ ಎರಡು ಸುತ್ತು ಬಿಗಿದು, ಮೇಲೆ ನೀಲಿ ಬಾಲ್‌ಪೆನ್ನಿನಿಂದ ಬಾಯಿಯವರು ಎರಡು ಮರಾಠಿ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದಾರೆ: ಪುಸೂನ್ ಪೂಸ್. ಮೂಗಿನ ಹತ್ತಿರ ಹಿಡಿದರೆ ಈಗಲೂ ದವಾಖಾನೆಯ ವಾಸನೆ. ಪೆಟ್ಟು ಬಿದ್ದದ್ದು ಯಾರಿಗೆ ಎಂಬುದನ್ನು ಮುಂದೆ ಹೇಳುತ್ತೇನೆ. ನಿಮಗೆ ಮರಾಠಿ ಬರದಿದ್ದರೆ ಚಿಂತೆಯಿಲ್ಲ. ನನಗೂ ಬರುತ್ತಿರಲಿಲ್ಲ, ಬರುತ್ತದೆ ಎಂದುಕೊಂಡಿದ್ದೆ. ಎಲ್ಲ ಆದದ್ದು ಅದರಿಂದಲೇ.

ಕೆಲವು ವರ್ಷಗಳ ಹಿಂದೆ ಖಾನಾಪುರದ ಒಂದು ಸರಕಾರಿ ಕಚೇರಿಯಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಬೆಳಗಾವಿಯಿಂದ ದಿನವೂ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬಂದು ಸಾಕಾಗಿ, ಇಂದುಬಾಯಿಯವರ ಮಾಳಿಗೆಯ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಅವರು ನಿವೃತ್ತ ಶಿಕ್ಷಕಿ. ಮರಾಠಿ ಸಾಲಿಯ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದವರು. ಊರಿನ ಅರ್ಧ ಮಂದಿ ಅವರ ಕೈಯಲ್ಲಿ ಬೆರಳಿನ ಗೆಣ್ಣಿನ ಮೇಲೆ ಏಟು ತಿಂದವರು, ಉಳಿದರ್ಧ ತಿಂದವರ ಮಕ್ಕಳು. ಕೆಳಗಿನ ಮನೆಯಲ್ಲಿ ಅವರು, ಅವರ ನಾದಿನಿ, ಇಬ್ಬರ ನಡುವೆ ನಿಲ್ಲದ ಒಂದು ವಾದ. ವಾದದ ವಿಷಯ ದಿನವೂ ಬದಲಾಗುತ್ತಿತ್ತು, ದನಿ ಮಾತ್ರ ಅದೇ.

ಬಾಯಿಯವರ ಬಳಿ ಒಂದು ಹಳೆಯ ಡೆಸ್ಕ್‌ಟಾಪ್ ಇತ್ತು. ಅದರಲ್ಲಿ ಅವರು ಒಂದು ಯಾದಿ ಮಾಡುತ್ತಿದ್ದರು. ಕನ್ನಡದಿಂದ ಮರಾಠಿಗೆ ಹೋದ ಪದಗಳು, ಮರಾಠಿಯಿಂದ ಕನ್ನಡಕ್ಕೆ ಬಂದವು, ಮತ್ತು ಎಲ್ಲಿಂದ ಹೊರಟೆವೆಂಬುದನ್ನೇ ಮರೆತು ಖಾನಾಪುರದಲ್ಲಿ ಇಳಿದುಕೊಂಡವು. ನಮ್ಮ ಅಡಕತ್ತರಿ ಅವರಲ್ಲಿ ಅಡಕಿತ್ತಾ ಆದದ್ದು, ಅವರ ಖಿಡಕಿ ನಮ್ಮಲ್ಲಿ ಕಿಡಕಿ ಆಗಿ ಗೋಡೆಗೆ ಕೂತದ್ದು. ಒಂದು ಬೆರಳಿನಿಂದ ಟೈಪು. ನಾಲ್ಕು ವರ್ಷದ ಕೆಲಸ. "ಮಂದಿ ಗಡಿ ಗಡಿ ಅಂತ ಬಡದಾಡತಾರ. ಶಬ್ದಕ್ಕ ಪಾಸು ಕೇಳಿದಾಂವ ಯಾಂವ?" ಎನ್ನುತ್ತಿದ್ದರು.

ಒಂದು ದಿನ ಕಂಪ್ಯೂಟರ್ ಚಾಲೂ ಆಗುವುದಕ್ಕೆ ಅಕ್ಕಿ ತೊಳೆದು ಕುಕ್ಕರ್ ಇಟ್ಟು ಮೂರು ಸೀಟಿ ಆಗುವಷ್ಟು ಹೊತ್ತು ಹಿಡಿಯಿತು. ಇದು ಅವರದೇ ಅಳತೆ. ಹಳೆಯ ಆಪರೇಟಿಂಗ್ ಸಿಸ್ಟಮ್ ಇನ್ನು ನಡೆಯದು, ಹೊಸದನ್ನು ಆ ಯಂತ್ರ ಹೊರದು, ಹಗುರವಾದ ಬೇರೊಂದನ್ನು ಹಾಕಿಸಬೇಕು ಎಂದು ನಾನು ತಿಳಿದವಳಂತೆ ಹೇಳಿದೆ.

"ಹಂಗಾರ ನೀನ ಹಾಕು," ಎಂದರು ಬಾಯಿ.

"ನನಗ ಬರೂದಿಲ್ರಿ ಬಾಯಿ. ನಾ ಬರೇ ಆಪರೇಟರ್."

"ಮತ್ತ? ಆಪರೇಟರ್ ಇದ್ದಾಕಿ ಆಪರೇಟಿಂಗ್ ಸಿಸ್ಟಮ್ ಹಾಕಲಿಲ್ಲಂದ್ರ ಇನ್ನ ಕಂಡಕ್ಟರ್ ಬಂದು ಹಾಕಬೇಕನ?"

ಬೆಳಗಾವಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ದೀಪಕ ನನಗೆ ಪರಿಚಯ. ಉಚಿತವಾಗಿ ಸಿಗುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಅವನು ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟ. "ಚುಚ್ಚರಿ, ಚಾಲೂ ಮಾಡೂ ಮುಂದ ಎಫ್ ಹನ್ನೆರಡು ಒತ್ತಿಕೋತ ಇರ್ರಿ, ಕೇಳಿದ್ದಕ್ಕ ಉತ್ತರ ಕೊಡ್ರಿ. ಮುಗೀತು. ಏನರ ಆದ್ರ ಫೋನ್ ಮಾಡ್ರಿ ಅಕ್ಕಾ," ಎಂದ. ಕೇಳಿದ್ದಕ್ಕೆ ಉತ್ತರ ಕೊಡುವುದು ಎಷ್ಟು ಕಷ್ಟ ಎಂಬುದು ಅವನಿಗೂ ತಿಳಿದಿರಲಿಲ್ಲವೇನೋ.

ಅದೊಂದು ರವಿವಾರ. ಈ ಕಥೆಯನ್ನು ನಾನು ಹತ್ತಾರು ಸಲ ಹೇಳಿದ್ದೇನೆ. ಕೆಲವು ಸಲ ಹೇಳುವಾಗ ಅವತ್ತು ಮಳೆ ಬರುತ್ತಿರುತ್ತದೆ. ಮಳೆಯನ್ನು ಸೇರಿಸಿದವಳು ನಾನೇ ಎಂದು ಅನುಮಾನ. ಖಚಿತವಾಗಿ ಇದ್ದದ್ದು ಇಷ್ಟು: ನಾನು ಕುರ್ಚಿಯಲ್ಲಿ, ಬಾಯಿಯವರು ಪಕ್ಕದಲ್ಲಿ ಸ್ಟೂಲಿನ ಮೇಲೆ, ನಡುವೆ ಚುರುಮುರಿಯ ತಾಟು. ಸಮಯ ಯಾವ ಊರಿನದು ಎಂದು ಕೇಳುತ್ತ ಪರದೆಯ ಮೇಲೆ ಜಗತ್ತಿನ ನಕಾಶೆ ಬಂತು. ನಾನು ನಮ್ಮ ದೇಶದ ಮೇಲೆ ಒತ್ತಿದೆ. ಕೋಲ್ಕತ್ತಾ ಎಂದು ತೋರಿಸಿತು.

"ಖಾನಾಪುರದಾಗ ಕುಂತು ಕಲಕತ್ತಾದ ಟೈಮ್ ಯಾಕ ಇಟಗೋಬೇಕು?"

"ಇಡೀ ದೇಶಕ್ಕ ಒಂದ ಟೈಮ್ರಿ ಬಾಯಿ."

"ಹಂಗಂದ್ರ ಖಾನಾಪುರ ಅಂತನ ಬರೀಲಿ. ಅವರು ನಮ್ಮ ಟೈಮ್ ಇಟಗೊಳ್ಳಿ."

ಆಮೇಲೆ ಅದು ಕಂಪ್ಯೂಟರಿಗೆ ಒಂದು ಹೆಸರು ಕೇಳಿತು. ತೊಟ್ಟಿಲು ತರಲೇನು ಎಂದು ಒಳಗಿನಿಂದ ನಾದಿನಿ ಕೂಗಿದರು. ಬಾಯಿಯವರು ಬಹಳ ಯೋಚಿಸಿ ಕಪಿಲಿ ಎಂದರು. ಹಿಂದೆ ಅವರ ಮನೆಯಲ್ಲಿದ್ದ ಆಕಳ ಹೆಸರು. "ಹಾಲು ಕಮ್ಮಿ, ಒದಿಯೂದು ಜಾಸ್ತಿ. ಆದ್ರ ನಮ್ಮ ಮನಿದು."

ಇನ್ನು ಆ ಪ್ರಶ್ನೆ. ಹಳೆಯದರ ಬಾಜೂಕ್ಕೆ ಹೊಸದನ್ನು ಇಡಲೇ, ಇಲ್ಲ ಡಿಸ್ಕನ್ನು ಪೂರ್ತಿ ಒರೆಸಿ ಹಾಕಲೇ? ಬಾಯಿಯವರ ಕಡತಗಳನ್ನು ನಾನು ಮೊದಲೇ ಇನ್ನೊಂದು ಪೆನ್‌ಡ್ರೈವಿಗೆ ತೆಗೆದಿಟ್ಟಿದ್ದೆ. ಅಂದರೆ, ಅವರ ಕಡತಗಳು ಎಲ್ಲಿರಬೇಕೆಂದು ನಾನು ಅಂದುಕೊಂಡಿದ್ದೆನೋ ಅಲ್ಲಿಂದ. ಆದರೂ ಧೈರ್ಯ ಸಾಲದೆ ದೀಪಕನಿಗೆ ಫೋನ್ ಮಾಡಿದೆ. ಆ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಕಿಟಕಿಯ ಸರಳಿಗೆ ಕೆನ್ನೆ ಒತ್ತಿ ನಿಂತರೆ ಮಾತ್ರ. ಅವನ ಮಾತು ತುಂಡು ತುಂಡಾಗಿ ಬಂತು. ಕೊನೆಯ ತುಂಡು: "ಪುಸೂನ್ ಘೇ."

ಪುಸಣೆ ಎಂದರೆ ಒರೆಸುವುದು, ಪುಸೂನ್ ಘೇ ಎಂದರೆ ಒರೆಸಿಕೋ. ನನಗೆ ಗೊತ್ತು. ನಾನು ಕಲಿತ ಕನ್ನಡ ಸಾಲಿಯ ಗೋಡೆಯಾಚೆ ಮರಾಠಿ ಸಾಲಿ ಇತ್ತು. ಪ್ರತಿ ತಾಸು ಮುಗಿದಾಗ ಅಲ್ಲಿಂದ "ಫಳಾ ಪೂಸ್" ಎಂಬ ಕೂಗು ಕೇಳುತ್ತಿತ್ತು, ಹಲಗೆ ಒರೆಸು ಎಂದು. ನನ್ನ ಮರಾಠಿಯ ಬಹುಭಾಗ ಹೀಗೆ ಗೋಡೆ ದಾಟಿ ಬಂದದ್ದು. ಹಾಗಾಗಿ ಒರೆಸಿದೆ.

ಆದರೆ ಖಾನಾಪುರದ ಕಾಡಿನಂಚಿನ ಊರುಗಳ ಹಳಬರ ಬಾಯಲ್ಲಿ ಪುಸಣೆ ಎಂದರೆ ಕೇಳುವುದೂ ಹೌದು. ದೀಪಕ ತನ್ನ ಅಜ್ಜಿಯ ಮಾತಿನಲ್ಲಿ, ಬಾಯಿಯವರನ್ನು ಒಂದು ಮಾತು ಕೇಳಿಕೋ ಎಂದಿದ್ದ. ನಾವೇನೂ ನಗಬೇಕಿಲ್ಲ. ಅಳಿಸು ಎಂಬ ಒಂದೇ ಪದದಲ್ಲಿ ಹಲಗೆಯನ್ನೂ ಮನುಷ್ಯರನ್ನೂ ನಿಭಾಯಿಸುವ ಭಾಷೆ ನಮ್ಮದು.

ಹೊಸ ಪರದೆ ಬೆಳಗಿತು. ಕುಕ್ಕರ್ ಒಂದು ಸೀಟಿ ಹಾಕುವುದರೊಳಗೆ! ಕನ್ನಡದ ಕೀಲಿಮಣೆ ಜೋಡಿಸಿ "ಇಂದುಬಾಯಿ" ಎಂದು ಟೈಪಿಸಿದೆ. ಅಕ್ಷರಗಳು ಒತ್ತು-ಕೊಂಬುಗಳ ಸಮೇತ ನೆಟ್ಟಗೆ ಬಂದು ನಿಂತವು. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆ ಪಟ್ಟ ಗಳಿಗೆಗಳು ಕಡಿಮೆ. ಕುರ್ಚಿಯಲ್ಲಿ ಹಿಂದಕ್ಕೊರಗಿ, ಯಾವುದೋ ಅಣೆಕಟ್ಟು ಕಟ್ಟಿಸಿದವಳಂತೆ ಚುರುಮುರಿ ತಿಂದೆ.

"ಛಲೋ ಆತು," ಎಂದರು ಬಾಯಿ. "ನನ್ನ ಯಾದಿ ತಗಿ."

ಯಾದಿ ಇರಲಿಲ್ಲ. ಅದು ನಾನು ನೋಡದೇ ಬಿಟ್ಟ ಡಿ ಡ್ರೈವಿನಲ್ಲಿತ್ತಂತೆ. ಡಿ ಡ್ರೈವ್ ಎಂಬುದೇ ಈಗ ಇರಲಿಲ್ಲ.

ಅವರು ಅಳಲಿಲ್ಲ. ಒಳಗೆ ಹೋದರು. ಎಷ್ಟು ಹೊತ್ತು ಎಂದು ನನಗೆ ನೆನಪಿಲ್ಲ, ಬಹಳ ಹೊತ್ತು ಎಂದೇ ಹೇಳುತ್ತ ಬಂದಿದ್ದೇನೆ. ಚಹಾ ತಂದು ನನ್ನ ಮುಂದಿಟ್ಟರು. "ಕುಡಿ. ಆರತೈತಿ." ಅಷ್ಟೇ.

ಮರುದಿನ ಮುಂಜಾನೆ ನಾನು ಕಚೇರಿಗೆ ಹೊರಟಾಗ ಬಾಯಿಯವರು ಚಪ್ಪಲಿ ಮೆಟ್ಟಿಕೊಂಡು, ಬಗಲಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. "ಮದಲ ಮನ್ಯಾಗ ಕುಂತು ನನ್ನ ತಲಿಯಾಗಿನ್ನೂವಷ್ಟ ಬರದಿದ್ದೆ. ಈಗ ಮಂದೀನ ಕೇಳತೇನಿ." ಸಂತೆಯಲ್ಲಿ ಕೇಳಿದರು, ಹಂಚಿನ ಕಾರ್ಖಾನೆಯಲ್ಲಿ ಕೇಳಿದರು. ಲೋಂಡಾ ಕಡೆಯ ಪ್ಯಾಸೆಂಜರ್ ರೈಲು ಹತ್ತಿ, ಎದುರು ಕುಳಿತವರ ಬುಟ್ಟಿಯಲ್ಲಿದ್ದ ಒಂದೊಂದು ವಸ್ತುವಿಗೂ ಏನೆನ್ನುತ್ತೀರಿ ಎಂದು ಕೇಳಿದರು. ರವಿವಾರಗಳಲ್ಲಿ ನನ್ನನ್ನೂ ಎಳೆದೊಯ್ದರು. ನಾನು ಸಂಜೆ ಟೈಪು ಮಾಡುತ್ತಿದ್ದೆ. ಪ್ರತಿ ವಾರ ಮೂರು ಕಡೆ ನಕಲು ಇಡುತ್ತಿದ್ದೆ. ಎರಡು ವರ್ಷದ ಮೇಲೆ ಯಾದಿ ಮೊದಲಿನದರ ಇಮ್ಮಡಿಯಾಯಿತು. ಸುರುಳಿ ತಂತಿ ಹಾಕಿಸಿ ಬೈಂಡು ಮಾಡಿಸಿದ ಆ ಪುಸ್ತಕವನ್ನು ಈಗಲೂ ಸಾಲಿಯ ಶಿಕ್ಷಕರು ಒಯ್ಯುತ್ತಾರೆ, ತಡವಾಗಿ ಮರಳಿಸುತ್ತಾರೆ, ಬೈಸಿಕೊಳ್ಳುತ್ತಾರೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಎಷ್ಟು ಸೊಗಸು ನೋಡಿ. ನಾನು ಒರೆಸಿದ್ದರಿಂದಲೇ ಒಳ್ಳೆಯದಾಯಿತು. ಹಾಗಂತ ಹೇಳುತ್ತಿರುವವಳು ಒರೆಸಿದವಳೇ. ಹೋಲಿಸಿ ನೋಡಲು ಮೊದಲ ಯಾದಿ ಇಲ್ಲ. ಅದನ್ನು ಇಲ್ಲವಾಗಿಸಿದವಳೂ ಅವಳೇ.

ಅಲ್ಲದೆ ಒಂದು ಪದ ಮರಳಿ ಬರಲೇ ಇಲ್ಲ. ಭಟ್ಟಿಯಿಂದ ತೆಗೆದ ಸುಟ್ಟ ಹಂಚು ಆರುತ್ತ ಆರುತ್ತ ಟಿಣ್ಣೆಂದು ಒಂದು ಸಣ್ಣ ಸದ್ದು ಮಾಡುತ್ತದೆ. ಅದಕ್ಕೆ ಬಾಯಿಯವರ ಅತ್ತೆಯ ಬಳಿ ಒಂದು ಪದ ಇತ್ತಂತೆ. ಮೊದಲ ಯಾದಿಯಲ್ಲಿ ಬರೆದಿದ್ದರು, ಬರೆದೆವಲ್ಲ ಎಂದು ಮರೆತಿದ್ದರು. ಆಮೇಲೆ ಕಾರ್ಖಾನೆಯಲ್ಲಿ ಯಾರನ್ನು ಕೇಳಿದರೂ ಗೊತ್ತಿರಲಿಲ್ಲ. ಎರಡನೆಯ ಯಾದಿಯಲ್ಲಿ ಆ ಸಾಲಿನ ಎಡಗಡೆ ಖಾಲಿ. ಬಲಗಡೆ ಅರ್ಥ ಮಾತ್ರ ಇದೆ.

ನನಗೆ ಬೆಳಗಾವಿಗೆ ವರ್ಗವಾದಾಗ ಬಾಯಿಯವರು ದೀಪಕನ ಆ ಲಿನಕ್ಸ್ ಪೆನ್‌ಡ್ರೈವಿಗೆ ಪಟ್ಟಿ ಸುತ್ತಿ ಕೊಟ್ಟರು. ಪುಸೂನ್ ಪೂಸ್: ಕೇಳಿ, ಆಮೇಲೆ ಒರೆಸು. ಅದರಿಂದ ನಾನು ಎಷ್ಟು ಮನೆಯ ಕಂಪ್ಯೂಟರುಗಳನ್ನು ಎಬ್ಬಿಸಿ ನಿಲ್ಲಿಸಿದ್ದೇನೋ! ನಮ್ಮ ಓಣಿಯಲ್ಲಿ ನನ್ನ ಹೆಸರು "ಲಿನಕ್ಸ್ ಅಕ್ಕಾ". ಹೋದಲ್ಲೆಲ್ಲ ಈ ಕಥೆ ಹೇಳುತ್ತೇನೆ, ದೀಪಕನ "ಪುಸೂನ್ ಘೇ"ಗೆ ಎಲ್ಲರೂ ನಗುತ್ತಾರೆ.

ನಿನ್ನೆ ಖಾನಾಪುರಕ್ಕೆ ಹೋಗುವ ಮೊದಲು ಹೊಸ ಆವೃತ್ತಿ ಹಾಕಿಸಲು ದೀಪಕನ ಅಂಗಡಿಗೆ ಹೋದೆ. ಪಟ್ಟಿ ಕಂಡು ಅವನು ನಕ್ಕ. "ಅಕ್ಕಾ, ನಾ ಹಂಗ ಅಂದಿದ್ದು ನನಗ ಖರೇನ ನೆನಪಿಲ್ಲ ನೋಡ್ರಿ. ಆದ್ರ ನೀವು ಅಷ್ಟು ಮಂದಿಗೆ ಹೇಳೀರಿ ಅಂದಮ್ಯಾಲ ಅಂದಿರಬೇಕು ಬಿಡ್ರಿ."

ಬಾಯಿಯವರು ಬಾಗಿಲಲ್ಲೇ ಪೆನ್‌ಡ್ರೈವ್ ಕಸಿದುಕೊಂಡರು. ಈ ಸಲ ಕುರ್ಚಿ ಅವರದು, ಸ್ಟೂಲು ನನ್ನದು. ತಾವೇ ಚುಚ್ಚಿದರು, ಎಫ್ ಹನ್ನೆರಡನ್ನು ಹಟ ಹಿಡಿದ ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟುತ್ತ ಹೋದರು. ಭಾಷೆಗಳ ಸಾಲಿನಲ್ಲಿ ಕನ್ನಡ ಆರಿಸಿದರು. ನಕಾಶೆ ಬಂದಾಗ, "ಬಂತ ನೋಡು ಕಲಕತ್ತಾ," ಎಂದು ಬೈದರು. ಹೆಸರಿನ ಜಾಗದಲ್ಲಿ ಕಪಿಲಿ ಎಂದು ಬರೆದರು. ಎರಡೂ ಕಣ್ಣಿಗೆ ಆಪರೇಶನ್ ಆಗಿದೆ, ಬೆರಳು ನಡುಗುತ್ತದೆ. ನಾನು ಕೈ ಚಾಚಿದಾಗ ಗೆಣ್ಣಿಗೆ ಒಂದು ಏಟು ಬಿತ್ತು. ನನ್ನ ಮೊದಲ ಇನ್‌ಸ್ಟಾಲೇಶನ್ನಿನ ದಿನ ಪಟ್ಟ ಹೆಮ್ಮೆ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ಆ ಪ್ರಶ್ನೆ ಬಂತು. ಬಾಜೂಕ್ಕೆ ಇಡಲೇ, ಅಳಿಸಿ ಹಾಕಲೇ? ನಾನು ಅಭ್ಯಾಸಬಲದಿಂದ ಶುರು ಮಾಡಿದೆ: "ಅವತ್ತು ದೀಪಕ ಫೋನಿನ್ಯಾಗ..."

"ಅವತ್ತು ಫೋನ ಹತ್ತಲಿಲ್ಲ," ಎಂದರು ಬಾಯಿ, ಪರದೆಯಿಂದ ಕಣ್ಣು ತೆಗೆಯದೆ.

"ಅಂದ್ರ?"

"ಕಿಡಕಿಗೆ ಗಲ್ಲ ಹಚ್ಚಿ ನಿಂತಿ, ಹಲೋ ಹಲೋ ಅಂದಿ, ಇಟ್ಟಿ. ಬಂದು ಕುಂತು ನನ್ನನ್ನ ಕೇಳಿದಿ. ನಿನ್ನ ಆ ಅರ್ಧಾ ಮರಾಠಿಯಾಗ. 'ಪುಸೂ ಕಾ, ಬಾಯಿ?'"

ಪುಸೂ ಕಾ. ಒರೆಸಲೇ. ಕೇಳಲೇ.

"ನೀವೇನಂದ್ರಿ?"

"ಪೂಸ್ ಕೀ, ಅಂದೆ. ಕೇಳು ಅಂತ. ಪೋರಿ ಏನೋ ಕೇಳತೈತಿ ಅಂತ ಕಾಯ್ಕೋತ ಕುಂತೆ. ನೀ ಕೇಳಲೇ ಇಲ್ಲ."

ಫೋನಿನ ತುಂಡು ಮಾತು, ದೀಪಕನ ಅಜ್ಜಿ, ಎಲ್ಲವನ್ನೂ ಕಟ್ಟಿದವಳು ಹಾಗಾದರೆ ನಾನೇ? ಗೊತ್ತಿಲ್ಲ. ಸರಳು ಕೆನ್ನೆಗೆ ತಣ್ಣಗೆ ತಾಗಿದ್ದು ಈಗಲೂ ನೆನಪಿದೆ. ಅವನ ದನಿ ನೆನಪಿದೆಯೇ ಎಂದು ಕೇಳಿಕೊಂಡರೆ, ನೆನಪಿರುವುದು ಆ ದನಿಯನ್ನು ಅನುಕರಿಸಿ ಹೇಳುವ ನನ್ನದೇ ದನಿ.

"ಇಷ್ಟು ವರ್ಷ ಯಾಕ ಹೇಳಲಿಲ್ರಿ?"

"ಚಂದ ಹೇಳತಿದ್ದಿ. ಮಂದಿ ನಗತಿದ್ದರು," ಎಂದರು. ಆಮೇಲೆ ಮೌಸಿನಿಂದ ಕೈ ತೆಗೆದು, ಕುರ್ಚಿಯನ್ನು ಪೂರ್ತಿ ನನ್ನ ಕಡೆಗೆ ತಿರುಗಿಸಿದರು. "ಈಗರ ಕೇಳು."

ಅಷ್ಟು ಮನೆಗಳ ಕಂಪ್ಯೂಟರುಗಳ ಮುಂದೆ ಸಲೀಸಾಗಿ ಕೇಳಿದ್ದ ಮಾತನ್ನು ಸ್ಟೂಲು ಹತ್ತಿರ ಎಳೆದುಕೊಂಡು ಅವರನ್ನು ಕೇಳಿದೆ.

"ಬಾಯಿ, ಇದರಾಗ ಉಳಸಬೇಕಾದ್ದು ಏನೇನೈತ್ರಿ?"

ಅವರು ಅಳಿಸುವ ಪರದೆಯನ್ನು ಬದಿಗೆ ಸರಿಸಿ ಹಳೆಯ ಡಿಸ್ಕನ್ನು ತೆರೆದರು. ಯಾದಿ ಬಿಚ್ಚಿಕೊಂಡಿತು. ಕೆಳಗೆ, ಕೆಳಗೆ ಹೋಗಿ ಒಂದು ಸಾಲಿನ ಮೇಲೆ ಬೆರಳಿಟ್ಟರು. ಎಡಗಡೆ ಏನೂ ಇಲ್ಲ. ಬಲಗಡೆ: ಸುಟ್ಟ ಹಂಚು ಆರುವಾಗ ಮಾಡುವ ಸಣ್ಣ ಸದ್ದು.

"ಮದಲ ಇದು. ಖಾಲಿ ಐತಿ ಅಂತ ಬಿಟ್ಟಗಿಟ್ಟಿ, ನೋಡು."