ಹುಳದ ಮನೆಯ ಹೊಸ್ತಿಲಲ್ಲಿ ಶೋಭಕ್ಕ

ಶೋಭಾರಾಣಿಯವರು ಮೇಲೂರಿನ ನಮ್ಮ ಮನೆಗೆ ಮೊದಲ ಸಲ ಬಂದಾಗ ನಮ್ಮಜ್ಜಿ ಲಕ್ಷ್ಮೀನರಸಮ್ಮ ಅವರನ್ನು ಜಗಲಿಯ ಮೇಲೆ ಕೂರಿಸಿ ವಿಚಾರಣೆ ಮಾಡಿದಳು. ಅಜ್ಜಿಯ ಕಿವಿ ಮಂದ, ಅವರು ಕೂಗಿಯೇ ಉತ್ತರ ಕೊಟ್ಟರು.

"ಯಾವ ಪೇಪರಿನೋಳಮ್ಮ ನೀನು?"

"ಯಾವ ಪೇಪರಿಗೂ ಸೇರಿದೋಳಲ್ಲ ಅಜ್ಜಿ. ಬರೀತೀನಿ, ವಿಡಿಯೊ ಮಾಡ್ತೀನಿ, ಸದ್ದು ಹಿಡೀತೀನಿ. ಯಾರು ತಗೊತಾರೋ ಅವ್ರಿಗೆ ಕೊಡ್ತೀನಿ."

"ಅಂದ್ರೆ ಕೆಲಸ ಇಲ್ಲ ಅನ್ನು."

"ಕೆಲಸ ಬೇಕಾದಷ್ಟೈತೆ. ಬೈಯೋಕೆ ಸಾಹೇಬ್ರಿಲ್ಲ ಅಷ್ಟೆ."

"ನಂಗೂ ಇಲ್ಲ ಬಿಡು," ಎಂದು ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿದಳು. ಒಪ್ಪಿಗೆಯಾಯಿತು ಎಂದು ನಮಗೆ ಗೊತ್ತಾಯಿತು. ಅಂದಿನಿಂದ ಅವರು ನನಗೆ ಶೋಭಕ್ಕ.

ಶೋಭಕ್ಕ ತೊಂಡೇಬಾವಿ ಕಡೆಯ ರೈತರ ಮನೆಯ ಮಗಳು. ಬಿ.ಎಸ್ಸಿ. ಮುಗಿಸಿ ಗೌರಿಬಿದನೂರಿನ ಒಂದು ಸಣ್ಣ ಲ್ಯಾಬಿನಲ್ಲಿ ಆರು ವರ್ಷ ರಕ್ತ ತೆಗೆಯುವ ಕೆಲಸ ಮಾಡಿದವರು. ಸೂಜಿ ಚುಚ್ಚುವ ಗಳಿಗೆಯಲ್ಲಿ ಎದುರಿಗಿದ್ದವರ ಮನಸ್ಸು ಬೇರೆ ಕಡೆ ಹೋಗಲೆಂದು, "ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ?" ಎಂದು ಕೇಳುತ್ತಿದ್ದರಂತೆ. ರಕ್ತ ಕಡಿಮೆಯಿದ್ದ ಹೆಂಗಸರ ಉತ್ತರಗಳೆಲ್ಲ ಒಂದೇ ತರಹ ಇರುವುದು ಅವರ ಗಮನಕ್ಕೆ ಬಂತು. ಗಂಡಸರು, ಮಕ್ಕಳು ಉಂಡ ಮೇಲೆ ಉಳಿದ ತಿಳಿಸಾರು, ಒಂದು ಹಿಡಿ ಅನ್ನ. ಅದನ್ನೆಲ್ಲ ಹದಿನಾಲ್ಕು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಆ ನೋಟ್‌ಬುಕ್ಕೇ ಅವರ ಮೊದಲ ಲೇಖನವಾಯಿತು. ಆಮೇಲೆ ಲ್ಯಾಬಿನ ಕೆಲಸ ಬಿಟ್ಟರು.

ಈಗ ಅವರ ಸ್ಕೂಟರಿಗೆ ಗೊತ್ತಿಲ್ಲದ ಮಣ್ಣಿನ ದಾರಿ ನಮ್ಮ ಜಿಲ್ಲೆಯಲ್ಲಿ ಕಡಿಮೆ. ಬೋರ್‌ವೆಲ್ ನೀರು ಕುಡಿದು ಹಲ್ಲು ಕಂದಿದ ಮಕ್ಕಳ ಬಗ್ಗೆ ಬರೆದಿದ್ದಾರೆ. ಅವರೆ ಹೂವಿಗೆ ಬರುವ ದುಂಬಿಗಳನ್ನು ಒಂದು ಇಡೀ ವಾರ ಹೊಲದಲ್ಲಿ ಕೂತು ಚಿತ್ರೀಕರಿಸಿದ್ದಾರೆ. ಒಂದೇ ಸಂಗತಿ ಪತ್ರಿಕೆಗೆ ಬರಹವಾಗುತ್ತದೆ, ಮೊಬೈಲಿಗೆ ಮೂರು ನಿಮಿಷದ ವಿಡಿಯೊ ಆಗುತ್ತದೆ, ರೇಡಿಯೊಗೆ ಬರೀ ಸದ್ದಾಗುತ್ತದೆ. ಯಾರ ಮಾತನ್ನು ಹಿಡಿದುಕೊಂಡರೋ ಅವರಿಗೆ ಅದನ್ನು ಕೇಳಿಸಿ, ಅವರು ಹೂಂ ಅಂದ ಮೇಲೆಯೇ ಅದು ಹೊರಗೆ ಹೋಗಬೇಕು. ಇದೊಂದು ಅವರು ತಾವೇ ಹಾಕಿಕೊಂಡ ಕಟ್ಟುಪಾಡು.

ನಮ್ಮ ಮನೆಗೆ ಅವರು ಬಂದದ್ದು ರೇಷ್ಮೆ ಹುಳ ಸೊಪ್ಪು ತಿನ್ನುವ ಸದ್ದಿಗಾಗಿ. ಕೊನೆಯ ಏಳೆಂಟು ದಿನ ಮಾತ್ರ ಆ ಸದ್ದು ಜೋರಾಗಿರುತ್ತದೆ. ಮೊದಲ ಸಲ ಬಂದಾಗ ಹುಳ ಜ್ವರಕ್ಕೆ ಕೂತಿದ್ದವು. ಪೊರೆ ಬಿಡುವುದಕ್ಕೆ ಮುಂಚೆ ಹುಳ ತಿನ್ನುವುದು ಬಿಟ್ಟು ತಲೆಯೆತ್ತಿ ಕೂರುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಆಗ ಮನೆಯಲ್ಲಿ ಒಂದು ಚೂರೂ ಸದ್ದಿರುವುದಿಲ್ಲ. ಎರಡನೇ ಸಲ ಬಂದ ದಿನ ಪಕ್ಕದ ಹೊಲದಲ್ಲಿ ಬೋರ್ ಕೊರೆಯುತ್ತಿದ್ದರು. ಮೂರನೇ ಸಲ ಬಂದದ್ದು ಕಳೆದ ಫೆಬ್ರವರಿಯ ಒಂದು ಶನಿವಾರ. ಸೋಮವಾರ ರೇಡಿಯೊದವರಿಗೆ ಕಾರ್ಯಕ್ರಮ ಕೊಡಲೇಬೇಕಿತ್ತು. ಹುಳ ಹಣ್ಣಾಗುವುದಕ್ಕೆ, ಅಂದರೆ ತಿನ್ನುವುದು ನಿಲ್ಲಿಸಿ ಗೂಡು ಕಟ್ಟಲು ಸಿದ್ಧವಾಗುವುದಕ್ಕೆ, ಇನ್ನೊಂದೇ ದಿನ ಎಂದು ಅಮ್ಮ ಲೆಕ್ಕ ಹಾಕಿದ್ದಳು.

ನಮ್ಮ ಹುಳದ ಮನೆಗೆ ಹೊರಗಿನವರು ಸುಮ್ಮನೆ ನುಗ್ಗುವಂತಿಲ್ಲ. ಕೈಕಾಲು ತೊಳೆದು ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿಯಬೇಕು. ಅದಕ್ಕೂ ಮೊದಲು ಅಜ್ಜಿ ಮೂಸಿ ನೋಡಬೇಕು. ಕಿವಿ ಮಂದವಾಗಿ ಐದಾರು ವರ್ಷವಾದರೂ ಅಜ್ಜಿಯ ಮೂಗು ಚುರುಕು. ಸೆಂಟು, ಸೊಳ್ಳೆಬತ್ತಿ, ಹೊಲದ ಔಷಧಿ ಯಾವುದರ ವಾಸನೆ ಬಂದರೂ ಜಗಲಿಯಿಂದಲೇ ವಾಪಸ್. ಕೃಷಿ ಇಲಾಖೆಯವರನ್ನೂ ಒಮ್ಮೆ ಹಾಗೆ ಕಳಿಸಿದ್ದಾಳೆ.

ಶೋಭಕ್ಕನ ಭುಜ, ತಲೆಗೂದಲು, ಸೆರಗು ಎಲ್ಲ ಮೂಸಿ, "ಸೋಪಿನ ವಾಸ್ನೆ ಅಷ್ಟೆ. ಒಳಗೆ ಹೋಗು ತಲ್ಲೀ," ಎಂದು ತೆಲುಗು ಬೆರೆಸಿ ಅಪ್ಪಣೆ ಕೊಟ್ಟಳು.

ಶೋಭಕ್ಕ ಬ್ಯಾಗು ಎತ್ತಿಕೊಂಡರು. ಅಮ್ಮ ಬಾಗಿಲು ತೆರೆದಳು. ಒಳಗಿನಿಂದ ಆ ಸದ್ದು ಬಂತು. ಸೊಪ್ಪು ಹರಡಿದ ಅಂತಸ್ತು ಅಂತಸ್ತಿನ ಅಟ್ಟಣಿಗೆಗಳ ತುಂಬ ಎಂಬತ್ತು ಸಾವಿರ ಹುಳ ಒಟ್ಟಿಗೆ ಉಣ್ಣುವ ಸದ್ದು. ಅದನ್ನು ಜನ ಮಳೆಗೆ ಹೋಲಿಸುತ್ತಾರೆ. ನನಗೆ ಯಾವಾಗಲೂ ಒಣಗಿದ ಎಲೆಗಳ ಮೇಲೆ ದೊಡ್ಡ ಆಡಿನ ಮಂದೆ ನಡೆದುಹೋದ ಹಾಗೆ ಕೇಳಿಸುತ್ತದೆ. ಶೋಭಕ್ಕನ ಮುಖ ಅರಳಿತು. ಒಂದು ಕಾಲು ಸುಣ್ಣದ ಮೇಲೆ ಇಟ್ಟರು. ಮೈಕು ತೆಗೆಯಲು ಬ್ಯಾಗಿನೊಳಗೆ ಕೈ ಹಾಕಿದವರು ಹಾಗೇ ನಿಂತರು.

"ಅಕ್ಕಾ, ಬಾಗಿಲು ಹಾಕ್ಬಿಡಿ."

"ಯಾಕಮ್ಮ?" ಎಂದಳು ಅಮ್ಮ.

"ನಿನ್ನೆ ಚಿಂತಾಮಣಿ ಕಡೆ ಟೊಮೆಟೊ ತೋಟದಲ್ಲಿ ಔಷಧಿ ಹೊಡಿಯೋರ ಜತೆ ಇದ್ದೆ. ಸ್ನಾನ ಮಾಡಿದೀನಿ, ಬಟ್ಟೆ ಬದಲಾಯಿಸಿದೀನಿ. ಆದ್ರೆ ಈ ಬ್ಯಾಗು, ಈ ಮೈಕು ಅವೇ. ಈ ಮೈಕಿನ ಟೋಪಿ ನೋಡಿ, ಗಾಳಿ ಸದ್ದು ತಡೆಯೋ ರೋಮ. ಇದ್ರಲ್ಲಿ ಎಷ್ಟು ಔಷಧಿ ಕೂತಿದ್ಯೋ."

ಅಮ್ಮ ತಟ್ಟನೆ ಬಾಗಿಲು ಹಾಕಿದಳು. ಆ ಔಷಧಿ ಗಾಳಿಯಲ್ಲಿ ಸೊಪ್ಪಿಗೆ ಸೋಕಿದರೂ ಸಾಕು, ಹುಳ ತಲೆ ಅಲ್ಲಾಡಿಸಿ, ಹಸಿರು ವಾಂತಿ ಮಾಡಿ, ಸಂಜೆಯೊಳಗೆ ಸಾಲಾಗಿ ಸಾಯುತ್ತವೆ. ಇಪ್ಪತ್ತಮೂರು ದಿನದ ಆರೈಕೆ ಒಂದೇ ದಿನದಲ್ಲಿ ತಿಪ್ಪೆ ಸೇರುತ್ತದೆ. ಹೇಳದೆ ಒಳಗೆ ಹೋಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಜ್ಜಿಯೇ ಪಾಸು ಮಾಡಿದ್ದಳಲ್ಲ. ಯಾವುದಕ್ಕಾಗಿ ಮೂರು ಸಲ ಓಡಾಡಿದರೋ ಆ ಸದ್ದು ಒಂದು ಹೆಜ್ಜೆ ದೂರದಲ್ಲಿತ್ತು. ಅದನ್ನು ಅವರು ತಾವಾಗಿಯೇ ಬಿಟ್ಟುಕೊಟ್ಟಿದ್ದರು.

ಏನಾಯಿತೆಂದು ಅಜ್ಜಿಯ ಕಿವಿಯ ಬಳಿ ಕೂಗಿ ಹೇಳಿದೆ. ಅವಳು ಶೋಭಕ್ಕನನ್ನು ದಿಟ್ಟಿಸಿದಳು. "ನಾನೂ ಬ್ಯಾಗು ಮೂಸ್ಲಿಲ್ಲ ನೋಡು," ಎಂದಷ್ಟೇ ಅಂದಳು.

ಬ್ಯಾಗನ್ನು ಹುಣಸೆ ಮರದಾಚೆ ಸ್ಕೂಟರಿನಲ್ಲಿಟ್ಟು, ಮತ್ತೆ ಕೈ ತಿಕ್ಕಿ ತೊಳೆದು ಬಂದ ಶೋಭಕ್ಕ ಹುಳದ ಮನೆಯ ಸುತ್ತ ನಡೆಯತೊಡಗಿದರು. ಗೋಡೆಗೆ ಕಿವಿ ಇಟ್ಟು ನಿಲ್ಲುವರು, ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಕಿವಿ ಇಡುವರು. ದಾರಿಯಲ್ಲಿ ಹೋಗುತ್ತಿದ್ದ ವೆಂಕಟರಾಮಪ್ಪ ಸೈಕಲ್ ನಿಲ್ಲಿಸಿದ.

"ಏನಮ್ಮಾ, ಅತ್ತೆ ಸೊಸೆ ಜಗಳ ಏನಾದ್ರೂ ಕೇಳಿಸ್ತಾ?"

"ಇಲ್ಲಣ್ಣ, ಊಟ ನಡೀತೈತೆ, ಯಾರೂ ಮಾತಾಡ್ತಿಲ್ಲ."

ಅವನು ನಗುತ್ತ ಹೋದ. ಶೋಭಕ್ಕ ಪಡುವಣ ಗೋಡೆಯ ಹತ್ತಿರ ನಿಂತುಬಿಟ್ಟರು. ಅಲ್ಲಿ ಗೋಡೆಯ ಒಂದು ಸಣ್ಣ ತೂತಿನಿಂದ ಬಿಗಿಯಾದ ಕಬ್ಬಿಣದ ತಂತಿಯೊಂದು ಹೊರಗೆ ಬಂದು ನೆಟ್ಟ ಕಲ್ಲಿಗೆ ಸುತ್ತಿಕೊಂಡಿದೆ. ಒಳಗೆ ಗೋಡೆ ಪಕ್ಕದ ಅಟ್ಟಣಿಗೆ ವಾಲದಿರಲೆಂದು ನಮ್ಮಪ್ಪ ಎಳೆದು ಕಟ್ಟಿದ್ದು ಅದು.

"ಇದು ಒಳಗೆ ಯಾವುದಕ್ಕೆ ಕಟ್ಟಿರೋದಮ್ಮ?" ಎಂದು ನನ್ನನ್ನು ಕೇಳಿದರು. ಹೇಳಿದೆ. ಅವರು ಸ್ಕೂಟರಿನ ಸೀಟಿನಡಿಯಿಂದ ಒಂದು ಸ್ಟೀಲ್ ಡಬ್ಬಿ ತಂದರು. ಅದು ಟೊಮೆಟೊ ತೋಟದಲ್ಲಿ ಮುಚ್ಚಳವನ್ನೇ ತೆರೆದಿರಲಿಲ್ಲವಂತೆ. ಅದರಲ್ಲಿ ಬೇರೊಂದು ರೆಕಾರ್ಡರು, ಹೆಡ್‌ಫೋನ್ ಜತೆಗೆ ಅಂಗಿಯ ಗುಂಡಿಯಷ್ಟಗಲದ ಒಂದು ಬಿಲ್ಲೆ ಇತ್ತು. ಗಾಳಿಯ ಸದ್ದು ಹಿಡಿಯುವ ಮೈಕಲ್ಲ, ಮುಟ್ಟಿದ ವಸ್ತುವಿನ ನಡುಕ ಹಿಡಿಯುವಂಥದ್ದು. ಅದನ್ನು ತಂತಿಗೆ ಕಚ್ಚಿಸಿ, ರೆಕಾರ್ಡರಿಗೆ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡರು.

ಅವರ ಕಣ್ಣು ತುಂಬಿ ಬಂದಿತ್ತು. ಹೆಡ್‌ಫೋನ್ ತೆಗೆದು ನನ್ನ ತಲೆಗಿಟ್ಟರು.

ನಾನು ಹುಟ್ಟಿ ಬೆಳೆದದ್ದು ಹುಳದ ಮನೆಯ ಪಕ್ಕದಲ್ಲೇ. ಹೀಗೆ ಎಂದೂ ಕೇಳಿರಲಿಲ್ಲ. ಮಂದೆ ಅಂದುಕೊಂಡದ್ದು ಈಗ ಒಂದೊಂದು ಬಾಯಿಯಾಗಿತ್ತು. ಹತ್ತಿರದ ಹುಳ ಎಲೆಯ ಅಂಚನ್ನು ಕಚ್ಚುವುದು, ನರಕ್ಕೆ ಬಂದಾಗ ತಡೆಯುವುದು, ಮತ್ತೆ ಕಚ್ಚುವುದು, ದೂರದಲ್ಲಿ ಎಲ್ಲೋ ಒಂದು ಕಡ್ಡಿಯಿಂದ ಕಡ್ಡಿಗೆ ಹತ್ತುವುದು, ಎಲ್ಲ ಬೇರೆ ಬೇರೆ ಕೇಳಿಸುತ್ತಿತ್ತು. ಉಸಿರಾಡಿದರೆ ಕೆಡುತ್ತದೇನೋ ಎಂದು ಉಸಿರು ಹಿಡಿದೆ.

"ಅಜ್ಜಿಗೆ ಕೇಳ್ಸಣ," ಎಂದರು ಶೋಭಕ್ಕ.

ಅಜ್ಜಿಯನ್ನು ಕೈ ಹಿಡಿದು ತಂದು ಕಲ್ಲಿನ ಮೇಲೆ ಕೂರಿಸಿದೆವು. ಸದ್ದು ಜೋರು ಮಾಡಿದರು. ಅಜ್ಜಿ ಬೆಚ್ಚಿ ಎರಡೂ ಕೈಯಿಂದ ಹೆಡ್‌ಫೋನನ್ನು ಒತ್ತಿ ಹಿಡಿದಳು.

"ಅಯ್ಯೋ ನಮ್ಮವ್ವಾ," ಎಂದಳು ಮೆಲ್ಲಗೆ. "ತಿಂತಾವಲ್ಲೇ. ತಿಂತಾವಲ್ಲೇ ನನ್ ಮಕ್ಳು."

ಬಹಳ ಹೊತ್ತು ಹಾಗೇ ಕೂತಿದ್ದಳು. ನಂತರ ಹುಬ್ಬು ಗಂಟಿಕ್ಕಿತು.

"ಮುನಿಲಕ್ಷ್ಮೀ! ಸೊಪ್ಪು ಹಾಕಿ ಎಷ್ಟೊತ್ತಾತೇ?"

"ಈಗ್ಲೇ ಹಾಕ್ದೆ ಅತ್ತೆ," ಎಂದು ಅಮ್ಮ ಅಂಗಳದಿಂದ ಬಂದು, ಹೆಡ್‌ಫೋನ್ ಒಂದು ಕಡೆ ಸರಿಸಿ ಕೂಗಿದಳು.

"ಈಗ ಹಾಕಿದ್ರೆ ಸದ್ದು ಹಿಂಗಿರಲ್ಲ. ಬಿಟ್ಟು ಬಿಟ್ಟು ತಿಂತಾವೆ. ಹಣ್ಣಾಗ್ತಾವೆ ಕಣೇ, ಹೋಗಿ ನೋಡು!"

"ನಾಳೆ ಸಾಯಂಕಾಲ ಅಲ್ವಾ ಅತ್ತೆ ಆಗೋದು?"

"ನಿನ್ನ ಕ್ಯಾಲೆಂಡರ್ ಹುಳ ನೋಡ್ತಾವಾ? ಹೋಗೇ!"

ಅಮ್ಮ ಗೊಣಗುತ್ತ ಒಳಗೆ ಹೋದಳು. ಮರುಕ್ಷಣವೇ ಕಿಟಕಿಯ ಬಲೆಯ ಹಿಂದಿನಿಂದ ಅವಳ ಗಾಬರಿಯ ದನಿ ಬಂತು. ಬಿಸಿಲು ಕಾಯುವ ಆ ಗೋಡೆ ಪಕ್ಕದ ಅಟ್ಟಣಿಗೆಯಲ್ಲಿ ಹುಳ ಆಗಲೇ ತಲೆ ಎತ್ತಿ ಆಡಿಸುತ್ತಿದ್ದವು, ಮೈ ಗಾಜಿನ ಹಾಗೆ ತಿಳಿಯಾಗಿ ಹೊಂಬಣ್ಣಕ್ಕೆ ತಿರುಗಿತ್ತು. ಇನ್ನು ತಡ ಮಾಡಿದರೆ ಗೂಡಿಗೆ ಹೋಗಬೇಕಾದ ನೂಲು ಸೊಪ್ಪಿನ ಕಡ್ಡಿಯ ಮೇಲೆಯೇ ವ್ಯರ್ಥವಾಗುತ್ತಿತ್ತು.

ಅಪ್ಪ ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಅಟ್ಟದಿಂದ ಇಳಿಸಿದ. ಅಕ್ಕಪಕ್ಕದ ನಾಲ್ಕು ಜನ ಬಂದರು. ನಾನೂ ಸೀರೆ ಎತ್ತಿಕಟ್ಟಿ ಒಳಗೆ ಹೋದೆ. ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡುವ ಕೆಲಸ ಮಧ್ಯಾಹ್ನದ ಊಟವನ್ನೂ ಮರೆಸಿತು. ಒಳಗೆ ಕಾಲಿಡಲಾಗದ ಶೋಭಕ್ಕ, ಅವರ ಪಕ್ಕದಲ್ಲಿ ಹೆಡ್‌ಫೋನ್ ಬಿಟ್ಟುಕೊಡದ ಅಜ್ಜಿ, ಇಬ್ಬರೂ ಹೊರಗಡೆ ತಂತಿಯ ಬಳಿ ಕೂತೇ ಇದ್ದರು. ಅಜ್ಜಿ ಅಲ್ಲಿಂದಲೇ ಅಪ್ಪಣೆ ಮಾಡುತ್ತಿದ್ದಳು. "ಮೇಲಿನ ಸಾಲು ನಿಂತೋಯ್ತು, ಆರಿಸ್ರೋ! ಕೆಳಗಿಂದು ಇನ್ನೂ ತಿಂತಾವೆ, ಮುಟ್ಬೇಡಿ!" ನಾವು ನೋಡಿದರೆ ಹಾಗೆಯೇ ಇರುತ್ತಿತ್ತು.

ಹೊತ್ತು ಇಳಿಯುವಷ್ಟರಲ್ಲಿ ಆ ಅಟ್ಟಣಿಗೆ ಪೂರ್ತಿ ಖಾಲಿಯಾಯಿತು. ಅಮ್ಮ ಬೆವರೊರೆಸಿಕೊಳ್ಳುತ್ತ ಹೊರಗೆ ಬಂದು ಗೋಡೆಗೆ ಒರಗಿ ಕೂತಳು. ನಾನು ಶೋಭಕ್ಕನ ಪಕ್ಕ ಕೂತೆ. ಅವರು ಅಜ್ಜಿಯ ಕಡೆ ಕೈ ತೋರಿಸಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಳು.

"ಒಂದೈತೆ," ಎಂದಳು.

"ಎಲ್ಲಾ ತೆಗ್ದಾಯ್ತು ಅತ್ತೆ," ಎಂದು ಅಮ್ಮ ಕೂಗಿದಳು.

"ಒಂದೈತೆ ಅಂತೀನಿ. ಹಣ್ಣಾಗಿಲ್ಲ ಅದು. ಒಣಕಲು ಸೊಪ್ಪು ಕೆರೀತೈತೆ, ಹಸಿವು."

ಶೋಭಕ್ಕ ಒಂದು ಕಿವಿಗೆ ಹೆಡ್‌ಫೋನ್ ಇಟ್ಟುಕೊಂಡು ಕೇಳಿದರು, ನಿಧಾನಕ್ಕೆ ತಲೆಯಾಡಿಸಿದರು. ಎಂಬತ್ತು ಸಾವಿರ ಹುಳದ ಮನೆಯಲ್ಲಿ ಒಂದು.

ಬೆಳಗಿನಿಂದ ಕಾಲ ಮೇಲೆ ನಿಂತಿದ್ದ ನಮ್ಮಮ್ಮ ಎದ್ದಳು. ಸೊಪ್ಪಿನ ಬುಟ್ಟಿಯಿಂದ ಒಂದೇ ಒಂದು ಎಳೆಯ ಎಲೆ ಆರಿಸಿ, ಸೆರಗಿನಲ್ಲಿ ಒರೆಸಿ, ಸುಣ್ಣ ತುಳಿದು ಒಳಗೆ ಹೋದಳು. ನಾವು ಹೊರಗೆ ಕಾದೆವು.

"ಹೂಂ," ಎಂದಳು ಅಜ್ಜಿ ಸ್ವಲ್ಪ ಹೊತ್ತಿನ ಮೇಲೆ. "ಈಗ ತಿಂತೈತೆ."