ಇಂಜಿನ್ನಿನ ಹೊಟ್ಟೆಯೊಳಗಿನವರು

ರೈಲು ನಡೆಸುವವರು ಮುಂದೆ ನೋಡುತ್ತಾರೆ. ನಾನು ನೆಲ ನೋಡುತ್ತಿದ್ದೆ. ರೈಲು ನಡೆಯುತ್ತಿದ್ದುದು ನನ್ನ ಕಾಲಿನಿಂದ.

ಮೊರಬದ ದಾರಿಯ ಪಾರ್ಕಿನಲ್ಲಿ ಈಗ ಮಕ್ಕಳ ಡೀಸೆಲ್ ರೈಲು ಓಡುತ್ತದೆ. ಅದಕ್ಕೂ ಮೊದಲಿನ ರೈಲಿನ ಕತೆಯನ್ನು ಯಾರೂ ಹೇಳುವುದಿಲ್ಲ. ಪಾರ್ಕಿನ ಧಣಿಗಳು ಹಳಿ ಹಾಸಿಸಿದರು, ಡಬ್ಬಿ ಮಾಡಿಸಿದರು, ಕೂರುವಲ್ಲಿ ನವಲಗುಂದದ ಜಮಖಾನೆಯನ್ನೂ ಹಾಸಿಸಿದರು. ಇಂಜಿನ್ ಮಾತ್ರ ಬರಲಿಲ್ಲ. ಪಾರ್ಕು ತೆರೆಯುವ ದಿನ ನಿಲ್ಲುತ್ತದೆಯೇ? ತಗಡಿನಲ್ಲಿ ಇಂಜಿನ್ನಿನ ಸೋಗು ಮಾಡಿ, ತಳವಿಲ್ಲದ ಅದರ ಹೊಟ್ಟೆಯೊಳಗೆ ನನ್ನನ್ನೂ ನನ್ನ ತಮ್ಮ ಫಕ್ಕೀರೇಶನನ್ನೂ ನಿಲ್ಲಿಸಿದರು. ಎದೆಮಟ್ಟಕ್ಕೆ ಒಂದು ಅಡ್ಡ ಪೈಪು. ಅದನ್ನು ನೂಕುತ್ತ ನಡೆಯಬೇಕು. ಹೊಗೆಗೆಂದು ಇಬ್ಬರ ನಡುವೆ ಲೋಬಾನದ ಕೆಂಡ. ಸದ್ದಿಲ್ಲದೆ ಹೊಗೆಯಾಡುತ್ತ ಬರುವ ರೈಲು ಕಂಡು ಮಕ್ಕಳು ಕುಣಿಯುತ್ತಿದ್ದರು. ಮುದುಕಿಯರು ಯಮನೂರಿನ ದರ್ಗಾದ ವಾಸನೆ ಹಿಡಿದು ಕೈ ಮುಗಿಯುತ್ತಿದ್ದರು.

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಹಳಿ ಒಂದು ಕಡೆ ಏರಿಬಿಟ್ಟಿತು, ಅದೂ ರೈಲು ಹಾಯಲೆಂದು ಕಟ್ಟಿದ ಸಿಮೆಂಟಿನ ಗವಿಯೊಳಗೆ. ಅಲ್ಲಿ ಹೆಚ್ಚು ನೂಕಬೇಕು. ಅಲ್ಲಿಯೇ ಕತ್ತಲೂ ಹೆಚ್ಚು. ನಾನು ಪೈಪಿಗೆ ತೋಳು ಹಾಕಿ, ಕೆಳಗಿನ ಕಬ್ಬಿಣದ ಪಟ್ಟಿಯ ಮೇಲೆ ಮೆಲ್ಲಗೆ ಕಾಲಿಟ್ಟು ಸವಾರಿ ಮಾಡುತ್ತಿದ್ದೆ. ಇಂಜಿನ್ನಿನ ಬಲವನ್ನು ಕುದುರೆಗಳಲ್ಲಿ ಅಳೆಯುತ್ತಾರಂತೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನಿಗೆ ಅದಕ್ಕಿಂತ ಹೆಚ್ಚು ತಿಳಿಯದು. ಆ ಕುದುರೆಗಳಲ್ಲೂ ನನ್ನಂಥ ಮೈಗಳ್ಳ ಇರುತ್ತದೋ ಏನೋ.

ಒಂದು ಸಂಜೆ ಚಹಾ ಕುಡಿಯುತ್ತ ಫಕ್ಕೀರೇಶ ಹೇಳಿದ: “ಅಣ್ಣಾ, ಗವಿ ಬಂತಂದ್ರ ನೀ ಅಗದಿ ಜೋರು ನೂಕ್ತಿ ನೋಡು. ಗಾಡಿ ಹಗೂರ ಆಗ್ತೈತಿ.”

ಚುಚ್ಚುತ್ತಿದ್ದಾನೆಂದು ಮುಖ ನೋಡಿದೆ. ಇಲ್ಲ, ಖರೆಯೇ ಹೊಗಳುತ್ತಿದ್ದ. ಮರುದಿನ ಗವಿಯೊಳಗೆ ಕಾಲೆತ್ತಿಕೊಂಡು ಕಿವಿಗೊಟ್ಟೆ. ಅವನ ಹೆಜ್ಜೆ ಕೇಳಿಸಿತು. ಅದರ ಜೊತೆಗೆ ಇನ್ನೊಬ್ಬರ ಹೆಜ್ಜೆ, ಸರಿಯಾಗಿ ನನ್ನ ಕೆಳಗೆ. ಇಳಿಯೋಣವೆಂದರೆ ಕಾಲಿಡಲು ಧೈರ್ಯವಾಗಲಿಲ್ಲ. ನನ್ನ ಜಾಗದಲ್ಲಿ ಯಾರೋ ನಡೆಯುತ್ತಿದ್ದರು.

ಆಮೇಲೆ ನಿಜವಾದ ಇಂಜಿನ್ ಬಂತು, ನಾವು ಹೊರಗೆ ಬಂದೆವು. ಫಕ್ಕೀರೇಶ ಮಾತ್ರ ಬೀಗರ ಮುಂದೆ, ನೆರೆಯವರ ಮುಂದೆ ಅಣ್ಣನ ರೆಟ್ಟೆಯನ್ನು ಹೊಗಳುತ್ತಲೇ ಉಳಿದ. ಮೊನ್ನೆ ಹೊಲ ಪಾಲಾಗುವಾಗ ಕಾಲುವೆಯ ಬಾಜುವಿನ ತುಂಡನ್ನು ನನಗೇ ಬಿಟ್ಟ. ಅಣ್ಣ ಭಾರ ಹೊತ್ತವನು, ಅವನಿಗೇ ಇರಲಿ ಎಂದು ಹಿರಿಯರಿಗೆ ಹೇಳಿದನಂತೆ. ಆ ಹೊಲಕ್ಕೆ ಕಾಲಿಡಲು ನನ್ನಿಂದಾಗಲಿಲ್ಲ. ಮನೆಯ ಕಟ್ಟೆಯ ಮೇಲೆ ಅವನ ಪಕ್ಕ ಕೂತು ಹೇಳಿಬಿಟ್ಟೆ.

“ಗವಿಯಾಗ ನಾ ನೂಕೇ ಇಲ್ಲೋ. ಪಟ್ಟಿ ಮ್ಯಾಲ ನಿಂತು ಬರ್ತಿದ್ದೆ.”

ಬೈಸಿಕೊಳ್ಳಲು ಕುತ್ತಿಗೆ ಬಗ್ಗಿಸಿ ಕೂತಿದ್ದೆ.

“ಹಂಗಾರ ನಿನ್ನ ಭಾರಾನೂ ನಾವಽ ನೂಕೀವಿ ಅನ್ನು,” ಎಂದ.

ನಾವು ಎಂದರೆ ಯಾರೆಂದು ನಾನು ಕೇಳಲಿಲ್ಲ. ಹೊಲ ವಾಪಸು ತೆಗೆದುಕೋ ಎಂದೆ. ಬೇಡವೆಂದು ತಲೆಯಾಡಿಸಿ, ಸ್ವಲ್ಪ ಆಚೆ ಸರಿದು ಕೂತ. ಸಿಟ್ಟಿಗೆ ಸರಿದನೋ, ನಡುವೆ ಯಾರಿಗಾದರೂ ಜಾಗ ಬಿಟ್ಟನೋ ತಿಳಿಯಲಿಲ್ಲ. ನಾನೂ ಈಚೆ ಸರಿದೆ. ಮರ್ಯಾದೆ ಕೊಡುವುದಾದರೆ ನೂಕಿದವರಿಬ್ಬರಿಗೂ ಕೊಡಬೇಕಲ್ಲ.